ಮೊದಲ ಎಕ್ಸ್‌ರೇ ಎತ್ತಿಡಿ: ಓರೆ ಬೆನ್ನಿನ ಮಗುವಿನ ಜೊತೆ ನನ್ನ ಅನುಭವ

ಬದಿಯಡ್ಕದಲ್ಲಿ ನನ್ನದು ಫಿಸಿಯೋಥೆರಪಿ ಕ್ಲಿನಿಕ್. ಬರುವವರಲ್ಲಿ ಅಡಕೆ ಮರದಿಂದ ಬಿದ್ದವರು, ಮಂಡಿನೋವಿನ ಅಜ್ಜಿಯರೇ ಜಾಸ್ತಿ. ಒಂದು ಮಧ್ಯಾಹ್ನ ಒಬ್ಬ ತಾಯಿ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಬಂದರು. "ಯಾವ ಅಂಗಿ ಹಾಕಿದರೂ ಎಡಗಡೆ ಹೆಗಲಿಂದ ಜಾರ್ತದೆ ಡಾಕ್ಟ್ರೇ. ಎಣ್ಣೆ ತಿಕ್ಕಿದರೆ ಸರಿಯಾಗ್ತದೆ ಅಂತ ಅತ್ತೆ ಹೇಳ್ತಾರೆ."

ಮಗುವನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ಬೆನ್ನಿನ ಒಂದೊಂದು ಗಂಟಿನ ಮೇಲೂ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಟ್ಟೆ. ಬೆನ್ನಿಗೆ ಎಣ್ಣೆ ಹಚ್ಚಿದ್ದರಿಂದ ಎರಡು ಸಲ ಒರೆಸಬೇಕಾಯಿತು. ಸೊಂಟದಿಂದ ನೇರ ಬಂದ ಚುಕ್ಕಿಗಳ ಸಾಲು ಪಕ್ಕೆಲುಬಿನ ಹತ್ತಿರ ಬಲಕ್ಕೆ ವಾಲಿತ್ತು. ಕಂಕುಳಲ್ಲಿ ಕೈಕೊಟ್ಟು ಮೇಲೆತ್ತಿದೆ. ಆಗಲೂ ಆ ಬಾಗು ಸಡಿಲಲಿಲ್ಲ. ಸೊಂಟದ ಮೇಲೆ ಕೂದಲಿನ ಗೊಂಚಲಾಗಲಿ ಗುಳಿಯಾಗಲಿ ಇದೆಯಾ ಎಂದೂ ನೋಡಿದೆ. ಅವು ಇದ್ದರೆ ಒಳಗೆ ನರದ ತೊಂದರೆಯೂ ಇರಬಹುದು.

ಇಷ್ಟು ಎಚ್ಚರ ಬಂದದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಬ್ಬ ಹುಡುಗನಿಗೆ ಎಕ್ಸ್‌ರೇ ತೆಗೆಸದೆ ಐದು ತಿಂಗಳು ವ್ಯಾಯಾಮ ಮಾಡಿಸಿದ್ದೆ. ಆ ಐದು ತಿಂಗಳು ಅವನಿಗೆ ನಷ್ಟ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಈ ಮಗುವಿನ ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಅರ್ಧವೇ ಬೆಳೆದಿತ್ತು. ಇಟ್ಟಿಗೆಗಳ ನಡುವೆ ಬೆಣೆ ಸಿಕ್ಕಿಸಿದ ಹಾಗೆ. ಹೆಮಿವರ್ಟೆಬ್ರಾ ಅನ್ನುತ್ತಾರೆ. ಬಾಗು 28 ಡಿಗ್ರಿ. ತಾಯಿ ಮೊದಲು ಕೇಳಿದ್ದು, "ಬಸುರಿಯಲ್ಲಿ ನಾನು ಎಂತ ತಪ್ಪು ಮಾಡಿದೆ?" ಎಂದು. ಏನೂ ಇಲ್ಲ ಅಕ್ಕ ಎಂದೆ. ಬೆನ್ನುಮೂಳೆ ರೂಪ ತಳೆಯುವುದು ಗರ್ಭದ 4ರಿಂದ 6ನೇ ವಾರದಲ್ಲಿ. ಎಷ್ಟೋ ಜನರಿಗೆ ಆಗ ಬಸುರಿ ಎಂದೇ ಗೊತ್ತಿರುವುದಿಲ್ಲ. ಹೃದಯ, ಮೂತ್ರಪಿಂಡ ರೂಪುಗೊಳ್ಳುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅದಕ್ಕೇ ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್, ಜೊತೆಗೆ ಬೆನ್ನಿನ ನರ ನೋಡಲು ಎಂಆರ್‌ಐ ಎಲ್ಲಾ ಆಗಬೇಕು ಎಂದು ಹೇಳಿ ಮಂಗಳೂರಿಗೆ ಕಳಿಸಿದೆ. ಆ ರಿಪೋರ್ಟುಗಳಲ್ಲಿ ತೊಂದರೆ ಇರಲಿಲ್ಲ.

ಬೆಲ್ಟ್ ಹಾಕಿದರೆ ಸಾಕಲ್ವಾ ಎಂದು ಅಪ್ಪ ಕೇಳಿದರು. ಮಣಿಯೇ ಓರೆಯಾಗಿರುವ ಇಂಥ ಗಟ್ಟಿ ಬಾಗನ್ನು ಬೆಲ್ಟ್ ತಡೆಯುವುದಿಲ್ಲ. ಎಣ್ಣೆಯೂ ಇಲ್ಲ, ನನ್ನ ವ್ಯಾಯಾಮವೂ ಇಲ್ಲ. ಆರಾರು ತಿಂಗಳಿಗೆ ಎಕ್ಸ್‌ರೇ ತೆಗೆಸಿ ಕಾಯಬೇಕು. ಕೆಲವು ಬಾಗು ಹೆಚ್ಚುತ್ತವೆ, ಕೆಲವು ಹೆಚ್ಚುವುದಿಲ್ಲ.

ಎಡವುವುದು ಈ ಕಾಯುವ ಕಾಲದಲ್ಲೇ. ಈ ಮಗುವಿನ ಬಾಗು ಆರು ತಿಂಗಳಿಗೆ 31, ಮತ್ತೆ 35, ಮತ್ತೆ 38. ಪ್ರತಿ ಸಲವೂ ಹಿಂದಿನದಕ್ಕಿಂತ ಮೂರು ನಾಲ್ಕು ಡಿಗ್ರಿ ಅಷ್ಟೇ. ಗೆರೆ ಎಳೆದು ಅಳೆಯುವಾಗಲೇ ಅಷ್ಟು ವ್ಯತ್ಯಾಸ ಬರುತ್ತದೆ, ಹಾಗಾಗಿ ಜಾಸ್ತಿಯಾಗಿಲ್ಲ ಎಂದು ಅನಿಸುತ್ತದೆ. ಹೊಸ ಫಿಲ್ಮನ್ನು ಮೊದಲ ಫಿಲ್ಮಿನ ಪಕ್ಕ ಇಟ್ಟು ನೋಡಬೇಕು. ಒಂದೂವರೆ ವರ್ಷಕ್ಕೆ 10 ಡಿಗ್ರಿ!

ಆ ಮೊದಲ ಫಿಲ್ಮ್ ಉಳಿದದ್ದೇ ದೊಡ್ಡದು. ನಮ್ಮ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿ, ಬೂಸ್ಟು ಹಿಡಿದು ಹಾಳಾಗುತ್ತವೆ. ನಡುನಡುವೆ ಪೇಪರ್ ಇಟ್ಟು ಸೀರೆಯ ಕವರಿನಲ್ಲಿ ಹಾಕಿ, ಕಪಾಟಿನ ಮೇಲಿನ ಹಲಗೆಯಲ್ಲಿಡಿ ಎಂದಿದ್ದೆ. ಕವರಿನ ಮೇಲೆ ತಾರೀಕು, ಡಿಗ್ರಿಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಎರಡು ಫಿಲ್ಮುಗಳನ್ನೂ ಅಕ್ಕಪಕ್ಕ ನೋಡಿದ ಸರ್ಜನ್ ಇನ್ನು ಕಾಯುವುದು ಬೇಡ ಎಂದರು. ಮೂರು ವರ್ಷದ ಮಗುವಿನ ಆ ಅರ್ಧ ಮಣಿಯನ್ನು ತೆಗೆದು, ಮೇಲಿನ ಕೆಳಗಿನ ಮಣಿಗಳನ್ನು ಸ್ಕ್ರೂ, ಸಣ್ಣ ಸರಳಿನಿಂದ ಜೋಡಿಸಿದರು.

ನನ್ನ ಕೆಲಸ ಶುರುವಾದದ್ದು ಆಮೇಲೆ. ಮಗುವನ್ನು ಎಬ್ಬಿಸುವಾಗ ಬೆನ್ನು ತಿರುಚದೆ ಮರದ ದಿಮ್ಮಿಯ ಹಾಗೆ ಇಡೀ ಮೈ ಒಟ್ಟಿಗೆ ಹೊರಳಿಸುವುದನ್ನು ತಾಯಿಗೆ ಕಲಿಸಿದೆ. ಉಸಿರಿನ ವ್ಯಾಯಾಮಕ್ಕೆ ಸೋಪಿನ ಗುಳ್ಳೆ ಊದಿಸಿದೆ. ಮೊದಲ ದಿನ ಗುಳ್ಳೆ ಹುಟ್ಟಲೇ ಇಲ್ಲ, ನೋವಿಗೆ ಹೆದರಿ ಮಗು ಮೇಲೆ ಮೇಲೆ ಉಸಿರು ಬಿಡುತ್ತಿತ್ತು. ನಾಲ್ಕನೇ ದಿನ ಒಂದು ದೊಡ್ಡ ಗುಳ್ಳೆ ಹಾರಿ ಬಂದು ನನ್ನ ಕನ್ನಡಕಕ್ಕೆ ತಾಗಿ ಒಡೆಯಿತು.

ಈಗ ಅವಳು ಅಂಗನವಾಡಿಗೆ ಹೋಗುತ್ತಿದ್ದಾಳೆ. ಹದಿಹರೆಯದಲ್ಲಿ ಎತ್ತರ ಸರ್ರನೆ ಏರುವಾಗ ಬೆನ್ನನ್ನು ಮತ್ತೆ ಗಮನಿಸಬೇಕು. ಸೀರೆಯ ಕವರು ಅಲ್ಲಿಯವರೆಗೂ ಕಪಾಟಿನ ಮೇಲೆಯೇ ಇರಬೇಕು ಎಂದು ಅಜ್ಜಿಗೂ ಹೇಳಿಟ್ಟಿದ್ದೇನೆ.