ಡೆಲಿವರ್ಡ್ ಅಂತ ತೋರಿಸಿದ ಇಳಕಲ್ ಸೀರೆ ಒಂಬತ್ತನೇ ದಿನ ಸಿಕ್ಕಿತು

ಟ್ರ್ಯಾಕಿಂಗ್‌ನಲ್ಲಿ ಡೆಲಿವರ್ಡ್ ಅಂತ ಬಂದು, ಗಿರಾಕಿ ಮಾತ್ರ ಬಂದಿಲ್ಲ ಅಂದರೆ ಆ ಸೀರೆಯ ಆಸೆ ಬಿಡಬೇಡಿ. ಬಹಳ ಸಲ ಅದು ಪಕ್ಕದ ಬೀದಿಯ ಯಾರದೋ ಮನೆಯಲ್ಲಿರುತ್ತದೆ. ನನ್ನ ಹಾಗೇ ಸೀರೆ ಮಾರುವ ಗೆಳತಿಯರಿಗೆ ಇದನ್ನು ಹೇಳಿದಾಗ "ಸುಮ್ನೆ ಕ್ಲೇಮ್ ಹಾಕಿ ಕೂತ್ಕೋ" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಿಂದ ಇಳಕಲ್ ಸೀರೆ, ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟೆ) ಕಳಿಸುತ್ತೇನೆ. ತಿಂಗಳಿಗೆ ನಲವತ್ತು ಪಾರ್ಸೆಲ್, ಅರ್ಧಕ್ಕಿಂತ ಜಾಸ್ತಿ ಬೆಂಗಳೂರಿಗೇ. ಶುರುವಿನ ಮೂರು ವರ್ಷದಲ್ಲಿ ಐದು ಕಳೆದುಕೊಂಡೆ, ಹೆಚ್ಚುಕಡಿಮೆ 16,000 ರೂಪಾಯಿ. ಪರಿಹಾರ ಬಂದದ್ದು ಒಂದಕ್ಕೆ ಮಾತ್ರ, ಅದೂ ಮೂರು ತಿಂಗಳಾದ ಮೇಲೆ 1,200. ಉಳಿದ ನಾಲ್ಕಕ್ಕೆ ಕೈಯಿಂದ ಹಾಕಿ ಬೇರೆ ಸೀರೆ ಕಳಿಸಿದೆ.

ಆಗ ಮಾಡಿದ್ದೆಲ್ಲ ವ್ಯರ್ಥ. ಕಸ್ಟಮರ್ ಕೇರ್‌ಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದೆ, ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿನಿಂದ ಕಥೆ. ಒಮ್ಮೆ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಹಬ್ ಮುಂದೆ ಮಧ್ಯಾಹ್ನದ ತನಕ ನಿಂತೆ. ಹೋಗಿ ಬರಲು 1,800 ಖರ್ಚಾಯಿತು, ಸೀರೆ 2,600ರದ್ದು. ಸಿಗಲಿಲ್ಲ. ಇನ್ನೊಮ್ಮೆ ಡೆಲಿವರಿ ಹುಡುಗನಿಗೆ ಫೋನಿನಲ್ಲೇ ಜೋರು ಮಾಡಿದೆ. ಅವನು ನಂಬರ್ ಬ್ಲಾಕ್ ಮಾಡಿದ, ಇದ್ದ ಒಂದು ದಾರಿಯೂ ಮುಚ್ಚಿತು. ದಿನಕ್ಕೆ ನೂರರ ಹತ್ತಿರ ಪಾರ್ಸೆಲ್ ಹಂಚುವ ಹುಡುಗ ಅವನು. ಮೊನ್ನೆಯ ಬಾಗಿಲು ನೆನಪಿಲ್ಲ ಅಂದರೆ ಅದು ಸುಳ್ಳಲ್ಲ. ಈಗ ಡೆಲಿವರಿ ಹುಡುಗರಿಗೆ ನನ್ನ ಮೊದಲ ಮಾತೇ "ತಮ್ಮಾ, ನಿನ್ನ ಮೇಲೆ ಕಂಪ್ಲೇಂಟ್ ಕೊಡಂಗಿಲ್ಲ" ಅಂತ.

ಒಂಬತ್ತನೇ ದಿನ ಸಿಕ್ಕಿದ್ದು ಬೆಂಗಳೂರಿನ ವಿಜಯನಗರದ ಆರ್ಡರ್. ಒಂದು ಟೋಪಿ ತೆನಿ ಸೆರಗಿನ (ಇಳಕಲ್‌ನ ಹಳೇ ಸಾಂಪ್ರದಾಯಿಕ ಸೆರಗು) ಸೀರೆ, ಎರಡು ಖಣ, ಒಟ್ಟು 4,900. ಪೂರ್ತಿ ದುಡ್ಡು ಮೊದಲೇ ಬಂದಿತ್ತು. ಐದನೇ ದಿನ ಡೆಲಿವರ್ಡ್ ಅಂತ ತೋರಿಸಿತು. ಸಂಜೆ ಗಿರಾಕಿ ಅಕ್ಕ ಫೋನ್ ಮಾಡಿ, "ನಾನು ಮನೆಯಲ್ಲೇ ಇದ್ದೆ, ಬೆಲ್ಲೇ ಆಗಿಲ್ಲ" ಅಂದರು.

ಮೊದಲು ತೂಕ ನೋಡಿದೆ. ನಾನು ಬುಕ್ ಮಾಡಿದ್ದು 860 ಗ್ರಾಂ, ಹಬ್‌ನಲ್ಲಿ ತೋರಿಸಿದ್ದು 850 ಚಿಲ್ಲರೆ. ಅಂದರೆ ದಾರಿಯಲ್ಲಿ ಬಿಚ್ಚಿಲ್ಲ, ಲೇಬಲ್ ಅದಲುಬದಲು ಆಗಿಲ್ಲ. ಹಿಂದೊಮ್ಮೆ ಇದನ್ನು ನೋಡದೆ ಹದಿನೈದು ದಿನ ಹಾಳು ಮಾಡಿದ್ದೆ. ಆ ಪಾರ್ಸೆಲ್ ಹಬ್‌ನಲ್ಲೇ 300 ಗ್ರಾಂ ತೋರಿಸುತ್ತಿತ್ತು, ಗಿರಾಕಿಗೆ ಹೋದದ್ದು ಯಾರದೋ ನೈಟಿ. ವೆಯ್ಟ್ ಡಿಸ್ಪ್ಯೂಟ್ (ಕೊರಿಯರ್‌ನವರ ಜೊತೆ ತೂಕದ ತಕರಾರು) ಬಂದಾಗ ಮಾತ್ರ ತೂಕ ನೋಡುವ ಚಾಳಿ ನಮ್ಮೆಲ್ಲರಿಗೂ ಇದೆ, ಅಲ್ವಾ?

ಆಮೇಲೆ ಪಿಓಡಿ ಫೋಟೋ, ಅಂದರೆ ಪಾರ್ಸೆಲ್ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಡೆಲಿವರಿ ಹುಡುಗ ತೆಗೆಯುವ ಫೋಟೋ. ಎರಡು ದಿನ ಬೆನ್ನು ಬಿದ್ದ ಮೇಲೆ ಕೊಟ್ಟರು. ಮೆಟ್ಟಿಲ ಮೇಲೆ ನನ್ನ ಹಳದಿ ಕವರ್. ಪಕ್ಕದಲ್ಲಿ ಹಸಿರು ಗೇಟಿನ ಎರಡು ಸರಳು, ಹಿಂದೆ ತುಳಸಿ ಕಟ್ಟೆಯ ಒಂದು ಮೂಲೆ. ಅಕ್ಕನದು ಮೊದಲನೇ ಮಹಡಿ, ಕಪ್ಪು ಗ್ರಿಲ್ಲು, ತುಳಸಿ ಕುಂಡದಲ್ಲಿದೆ. ಮನೆಯೇ ಬೇರೆ ಅಂತ ಖಾತ್ರಿಯಾಯಿತು.

ಈಗ ನನ್ನ ಲೆಕ್ಕ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ವಿಳಾಸ ಅಂದರೆ ಮೇನ್, ಕ್ರಾಸ್, ಮನೆ ನಂಬರ್. 4ನೇ ಮೇನ್ 9ನೇ ಕ್ರಾಸ್ ಅಂತ ಇದ್ದರೆ (ನಂಬರ್ ಬದಲಿಸಿ ಬರೆದಿದ್ದೇನೆ) ಅವಸರದಲ್ಲಿ 9ನೇ ಮೇನ್ 4ನೇ ಕ್ರಾಸ್ ಆಗಿಬಿಡುತ್ತದೆ. ಬಹಳ ಸಲ ಅಲ್ಲೂ ಅದೇ ನಂಬರಿನ ಮನೆ ಇರುತ್ತದೆ, ಪಿನ್‌ಕೋಡೂ ಅದೇ, ಆ್ಯಪ್‌ಗೆ ತಪ್ಪು ಗೊತ್ತಾಗುವುದೇ ಇಲ್ಲ. ಹಾಗಾಗಿ ಮೇನ್ ಕ್ರಾಸ್ ಅದಲುಬದಲು ಮಾಡಿ ಮೊದಲು ಆ ಮನೆಗೆ ಹೋಗಬೇಕು. ಅಲ್ಲಿ ಇಲ್ಲದಿದ್ದರೆ ಸ್ಟೇಜು (ಬಡಾವಣೆಯ 1ನೇ, 2ನೇ ಭಾಗ) ಬದಲಿಸಿ ನೋಡಬೇಕು, ಆಮೇಲೆ ಮಹಡಿ. ಈ ಕ್ರಮ ಬಿಡಬಾರದು.

ಬೆಂಗಳೂರಿನಲ್ಲಿರುವ ನನ್ನ ತಮ್ಮನನ್ನು ಕಳಿಸಿದೆ, ಪೆಟ್ರೋಲಿಗೆ 200 ಕೊಟ್ಟೆ. ಮೊದಲ ದಿನ ಮನೆಗೆ ಬೀಗ. ಮರುದಿನ ಫೋನ್ ಮಾಡಿ "ಅಕ್ಕಾ, ಹಸಿರು ಗೇಟ್ ಐತಿ" ಅಂದಾಗ ನನ್ನ ಕೈ ನಡುಗಿತು. ಮನೆಯಲ್ಲಿದ್ದದ್ದು ವಯಸ್ಸಾದ ಅಮ್ಮ. ಸೊಸೆ ತರಿಸಿದ್ದಿರಬೇಕು ಅಂತ ಎತ್ತಿಟ್ಟಿದ್ದರಂತೆ. ಸೊಸೆ ಬಿಚ್ಚಿ ನೋಡಿ, ನನ್ನದಲ್ಲ ಅಂತ ಕವರ್ ಬಿಸಾಕಿದ್ದಳು. ಯಾರದು ಅಂತ ತಿಳಿಯದೆ ಸೀರೆ ಬೀರುವಿನಲ್ಲೇ ಇತ್ತು. ಬಾಗಿಲಲ್ಲಿ ಮೊದಲು ಏನು ಹೇಳಬೇಕು ಅನ್ನೋದನ್ನು ತಮ್ಮನಿಗೆ ಬಾಯಿಪಾಠ ಮಾಡಿಸಿದ್ದೆ. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳಲು ಶುರು ಮಾಡಿದರೆ ಕೆಲಸ ಮಾಡುವುದಿಲ್ಲ.

"ಇದು ನಿಮ್ಮದೇ ಅಂತ ಹೇಗೆ ಹೇಳ್ತೀರಪ್ಪಾ?" ಅಂತ ಅಮ್ಮ ಕೇಳಿದರು. ಕೇಳಬೇಕಾದ್ದೇ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಕುವ ಎಳೆ), ಸೆರಗಿನ ಹಾಸು ಬೇರೆ ಬೇರೆ, ಎಳೆ ಎಳೆಗೂ ಕುಣಿಕೆ ಹಾಕಿ ಕೂಡಿಸುತ್ತಾರೆ. ಕೈಮಗ್ಗದಲ್ಲಿ ಆ ಸಾಲು ಒಂದರ ಹಾಗೆ ಇನ್ನೊಂದು ಬರುವುದಿಲ್ಲ. ಪ್ಯಾಕ್ ಮಾಡುವ ಮುಂಚೆ ನಾನು ಅದರ ಫೋಟೋ ಹತ್ತಿರದಿಂದ ತೆಗೆದಿಡುತ್ತೇನೆ. ಈ ಸೀರೆಯಲ್ಲಿ ಅಂಚಿನಿಂದ ಒಂದು ಗೇಣು ಒಳಗೆ ಕೆಂಪು ಎಳೆಯೊಂದು ದಪ್ಪಗಿತ್ತು. ತಮ್ಮ ಫೋನ್ ಪಕ್ಕಕ್ಕೆ ಹಿಡಿದು ತೋರಿಸಿದ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, ಮಡಚಿ ಕೈಗೆ ಕೊಟ್ಟರು. ಒಂಬತ್ತನೇ ದಿನ ಸೀರೆ ಅಕ್ಕನ ಮನೆ ಸೇರಿತು. ಖರ್ಚು ಎಲ್ಲ ಸೇರಿ 450 ಇರಬಹುದು.

ಆಮೇಲೆ ಇದೇ ಲೆಕ್ಕದಲ್ಲಿ ಏಳು ಪಾರ್ಸೆಲ್ ಹುಡುಕಿದೆ, ಐದು ಸಿಕ್ಕವು.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಗೊತ್ತಲ್ಲ, ನಾಲ್ಕು ಮೀಟರ್ ಚೌಕಕ್ಕೂ ಹತ್ತು ಅಕ್ಷರದ ಗುರುತು. ಅದನ್ನು ಲೇಬಲ್ ಮೇಲೆ ಹಾಕಿ ನೋಡಿದೆ, ಹುಡುಗರು ಯಾರೂ ನೋಡಲಿಲ್ಲ. ವಿಳಾಸವನ್ನು ಕನ್ನಡದಲ್ಲೂ ದಪ್ಪಗೆ ಬರೆದದ್ದು ಮಾತ್ರ ಚೆನ್ನಾಗಿ ಕೆಲಸಕ್ಕೆ ಬಂತು. "ಮೇನ್ 4" ಒಂದು ಸಾಲು, "ಕ್ರಾಸ್ 9" ಅದರ ಕೆಳಗೆ, ಒಂದೇ ಸಾಲಿನಲ್ಲಿ ಎರಡೂ ಬೇಡ. ವಿಜಯನಗರ ಅಂದರಂತೂ ಊರಿನ ಹೆಸರೂ ದೊಡ್ಡದಾಗಿ ಬೇಕು. ಬೆಂಗಳೂರಿನದು 560040, ಮೈಸೂರಿನದು 570017, ಮೇಲೆ ಹೊಸಪೇಟೆಯ ವಿಜಯನಗರ ಜಿಲ್ಲೆ ಬೇರೆ. ನನ್ನದೊಂದು ಖಣದ ಕಟ್ಟು ಈ ಮೂರರ ನಡುವೆ ಹನ್ನೆರಡು ದಿನ ಸುತ್ತಿದೆ.

ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಸಿಗದ ಎರಡೂ ಅಲ್ಲಿಯವೇ. ಅಲ್ಲಿ ಟವರ್ ಅಕ್ಷರ ಬದಲಾಗುತ್ತದೆ, ಬಿ ಅಂದದ್ದು ಡಿ ಅಂತ ಕೇಳಿಸುತ್ತದೆ. ಈಗ ಒಂದು 3,400ರ ಸೀರೆಗಾಗಿ ಗೇಟಿನ ಸೆಕ್ಯುರಿಟಿ ಅಣ್ಣನ ರಿಜಿಸ್ಟರ್ ನೋಡಿಸುತ್ತಿದ್ದೇನೆ. ಮೂರು ಟವರ್ ಮುಗಿದಿದೆ, ಇನ್ನೂ ಎರಡು ಉಳಿದಿದೆ.