ಮುಖವಾಡ ಹಾಕಿದವನು ಓಡಬಾರದು

ನಾನು ಮಾಡಿದ್ದು 12 ನಿಮಿಷದ ಸ್ಲ್ಯಾಷರ್ ಕಿರುಚಿತ್ರ, ಅಂದರೆ ಕೊಲೆಗಾರನೊಬ್ಬ ಚಾಕು ಹಿಡಿದು ಬೆನ್ನು ಹತ್ತುವ ಹೆದರಿಕೆಯ ಚಿತ್ರ. ಮೊದಲ ಎಡಿಟ್ ನೋಡಿ ತುಂಬಾ ಬೇಜಾರಾಯಿತು. ಕೊಲೆಗಾರ ಚಾಕು ಎತ್ತಿಕೊಂಡು ಓಡಿ ಬರುತ್ತಾನೆ, ಹುಡುಗಿ ಚೀರುತ್ತಾಳೆ, ಹಿನ್ನೆಲೆ ಸಂಗೀತ ಜೋರಾಗುತ್ತದೆ. ನೋಡುತ್ತಿದ್ದವರಲ್ಲಿ ಒಬ್ಬರೂ ಕುರ್ಚಿಯಲ್ಲಿ ಅಲುಗಾಡಲಿಲ್ಲ. ಅರ್ಧ ಚಿತ್ರ ಮತ್ತೆ ಶೂಟ್ ಮಾಡಿದೆವು.

ಮೊದಲ ತಪ್ಪು ಮುಖವಾಡದಲ್ಲೇ ಇತ್ತು. ಕೋರೆಹಲ್ಲು, ಹೊಲಿಗೆ ಗುರುತು, ರಕ್ತದ ಕಲೆ ಎಲ್ಲ ಮಾಡಿಸಿದ್ದೆ. ಅಷ್ಟೆಲ್ಲ ಇದ್ದರೆ ಇವನು ಕೆಟ್ಟವನು, ಇವನಿಗೆ ಸಿಟ್ಟು ಬಂದಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ. ಆಮೇಲೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ಯಾರನ್ನೇ ಕಂಡರೂ ನಾವು ಮೊದಲು ಮುಖ ನೋಡಿ ಮನಸ್ಸು ಅಳೆಯುತ್ತೇವೆ, ಅಲ್ವಾ? ಆ ಅಳತೆ ಸಿಗದೇ ಹೋದಾಗ ಹೆದರಿಕೆ ಶುರುವಾಗುತ್ತದೆ. 1978ರ ಸ್ಲ್ಯಾಷರ್ ಚಿತ್ರ ‘ಹ್ಯಾಲೋವೀನ್’ ತಂಡದ ಹತ್ತಿರ ದುಡ್ಡು ಕಡಿಮೆ ಇತ್ತು. ಅವರು ‘ಸ್ಟಾರ್ ಟ್ರೆಕ್’ ಎಂಬ ಟಿವಿ ಧಾರಾವಾಹಿಯ ನಾಯಕ ಕ್ಯಾಪ್ಟನ್ ಕರ್ಕ್‌ನ ಮುಖವಾಡ ಕೊಂಡು, ಹುಬ್ಬು ಕಿತ್ತು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿದರು. ಉಳಿದದ್ದು ಯಾರದ್ದೂ ಅಲ್ಲದ ಒಂದು ಖಾಲಿ ಮುಖ.

ನಾವೂ ಎಲ್ಲ ಕಿತ್ತು ಹಾಕಿದೆವು. ಮುಖವಾಡದ ಲ್ಯಾಟೆಕ್ಸ್ ರಬ್ಬರ್ ಮೇಲೆ ಮಾಸಲು ಬಿಳಿ ಬಣ್ಣ, ಅದೂ ಹೊಳಪಿಲ್ಲದ ಮ್ಯಾಟ್. ಹೊಳೆಯುವ ಬಣ್ಣವಾದರೆ ಲೈಟ್ ಬಿದ್ದ ಕೂಡಲೇ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಕಣ್ಣಿನ ತೂತಿಗೆ ಒಳಗಿನಿಂದ ತೆಳು ಕಪ್ಪು ನೆಟ್ ಬಟ್ಟೆ ಅಂಟಿಸಿದೆವು. ನಟನಿಗೆ ಹೊರಗಿನದು ಮಸುಕಾಗಿ ಕಾಣುತ್ತದೆ, ಕ್ಯಾಮೆರಾಗೆ ಎರಡು ಕಪ್ಪು ಗುಳಿ ಅಷ್ಟೇ. ನೀವೂ ಇದನ್ನು ಮಾಡುವುದಾದರೆ ಒಂದು ಮಾತು ನೆನಪಿಡಿ. ಅವನಿಗೆ ಅಕ್ಕಪಕ್ಕ, ಕಾಲ ಬುಡ ಸರಿಯಾಗಿ ಕಾಣುವುದಿಲ್ಲ. ದಾರಿಯಲ್ಲಿ ಕೇಬಲ್ ಇರದಂತೆ ನೋಡಿಕೊಳ್ಳಿ, ಚಾಕು ರಬ್ಬರಿನದ್ದೇ ಇರಲಿ, ಟೇಕ್ ಮುಗಿದ ತಕ್ಷಣ ಮುಖವಾಡ ತೆಗೆಸಿ. ಒಳಗೆ ಸೆಕೆ ತುಂಬಾ ಜಾಸ್ತಿ.

ನಡಿಗೆ ಸರಿಮಾಡಲು ಎರಡು ದಿನ ಹಿಡಿಯಿತು. ಮುಖ ಮುಚ್ಚಿದ ಕೂಡಲೇ ನಟ ಕೈಯಲ್ಲಿ, ಭುಜದಲ್ಲಿ ಅಭಿನಯ ಶುರು ಮಾಡುತ್ತಾನೆ. ನಮ್ಮ ಹುಡುಗನೂ ಭುಜ ಉಬ್ಬಿಸಿ, ಕೈ ಅಗಲಿಸಿ ಬರುತ್ತಿದ್ದ. ಕೊನೆಗೆ ಹೇಳಿದೆ: “ಏನೂ ಮಾಡಬೇಡ. ರಾತ್ರಿ ನೀರು ಕುಡಿಯೋಕೆ ಎದ್ದು ಹೋಗ್ತೀಯಲ್ಲ, ಸುಮ್ನೆ ಹಾಗೆ ನಡಿ.” ಅವನು ಹಾಗೇ ನಡೆದ. ಮಾನಿಟರ್ ಮುಂದೆ ಕೂತಿದ್ದ ನನ್ನ ಮೈ ಜುಮ್ಮೆಂದಿತು. ಓಡುವವನ ಒಳಗೆ ಇವಳು ತಪ್ಪಿಸಿಕೊಂಡಾಳು ಎಂಬ ಚಿಂತೆ ಇರುತ್ತದೆ. ನಡೆದು ಬರುವವನಿಗೆ ಆ ಚಿಂತೆಯೇ ಇಲ್ಲ. ಓಡುವವರೂ ಇದ್ದಾರೆ ಅನ್ನಿ. 1996ರ ‘ಸ್ಕ್ರೀಮ್’ ಚಿತ್ರದ ಕೊಲೆಗಾರ ಓಡುತ್ತಾನೆ, ಎಡವುತ್ತಾನೆ, ಬೀಳುತ್ತಾನೆ. ಮುಖವಾಡದೊಳಗೆ ಪರಿಚಯದವರೇ ಇರಬಹುದು ಎಂಬ ಗುಮಾನಿಯ ಮೇಲೆ ನಿಂತ ಕಥೆ ಅದು, ಅಲ್ಲಿಗೆ ಒಪ್ಪುತ್ತದೆ. ನನ್ನ ಕಥೆಯಲ್ಲಿ ಒಳಗಿರುವವನು ಯಾರು ಅಂತ ಯಾರಿಗೂ ತಿಳಿಯಬಾರದಿತ್ತು.

ಇಡೀ ಚಿತ್ರದಲ್ಲಿ ನನಗೆ ಅತಿ ಪ್ರೀತಿಯ ಶಾಟ್ ಒಂದಿದೆ. ಹುಡುಗಿ ಮುಂದೆ ಕೂತು ಬಟ್ಟೆ ಮಡಚುತ್ತಿದ್ದಾಳೆ. ಹಿಂದೆ ಕತ್ತಲಿನ ಬಾಗಿಲು. ಅವನು ಮೊದಲಿನಿಂದಲೂ ಅಲ್ಲೇ ನಿಂತಿದ್ದಾನೆ, ಕಪ್ಪು ಬಟ್ಟೆಯಲ್ಲಿ. ಮುಖವಾಡದ ಮೇಲೆ ಸಣ್ಣ ಲೈಟ್ ಒಂದನ್ನು ಡಿಮ್ಮರ್‌ಗೆ ಹಾಕಿ ನಿಧಾನವಾಗಿ ಏರಿಸಿದೆವು. ಫೋಕಸ್ ಅವಳ ಮೇಲೇ ಇದೆ, ಸಂಗೀತ ಇಲ್ಲ. ಹಿಂದೆ ಮಬ್ಬಾದ ಬಿಳಿ ಚುಕ್ಕೆಯೊಂದು ಮೂಡುತ್ತದೆ. ಕೆಲವರು ಬೇಗ ಕಂಡುಹಿಡಿಯುತ್ತಾರೆ. ಉಳಿದವರಿಗೆ ಅವನು ತಲೆಯನ್ನು ಸ್ವಲ್ಪ ಓರೆ ಮಾಡಿದಾಗಲೇ ಗೊತ್ತಾಗುವುದು. ಎಡಿಟರ್ ಇದನ್ನು 4 ಸೆಕೆಂಡಿಗೆ ಕತ್ತರಿಸಿದ್ದರು. ಪೂರ್ತಿ 14 ಸೆಕೆಂಡ್ ಬಿಡಿ ಎಂದು ಹಟ ಹಿಡಿದೆ. ಹುಡುಗಿ ಕೊನೆವರೆಗೂ ಹಿಂದೆ ತಿರುಗುವುದಿಲ್ಲ. ಎರಡನೇ ಸಲ ತೋರಿಸಿದಾಗ ಒಬ್ಬರು ಪರದೆಗೇ ಹೇಳಿದರು: “ತಿರುಗಿ ನೋಡೇ!”

ಚಾಕು ಕಾಣಿಸುವುದನ್ನೂ ತುಂಬಾ ಕಡಿಮೆ ಮಾಡಿದೆವು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವನು ನಿಂತಿರುವುದೇ ಸಾಕಿತ್ತು.

ಇನ್ನು ಉಸಿರು. ನಟನಿಗೆ ಮುಖವಾಡ ಹಾಕಿಸಿ, ಪುಟ್ಟ ಮೈಕನ್ನು ಒಳಗೇ ಸಿಕ್ಕಿಸಿ, ಸುಮ್ಮನೆ ಕೂರಿಸಿ ರೆಕಾರ್ಡ್ ಮಾಡಿದೆವು. ಲ್ಯಾಟೆಕ್ಸ್‌ಗೆ ಬಡಿದು ಬರುವ ಆ ಒದ್ದೆ ಸದ್ದು ಹೊರಗಿನ ಮೈಕಿಗೆ ಸಿಗುವುದಿಲ್ಲ. ಅದನ್ನು ಎರಡು ಕಡೆ ಮಾತ್ರ ಬಳಸಿದೆ, ಎರಡು ಸಲವೂ ಅವನು ಕಾಣುವ ಮೊದಲು. ಆ ಸದ್ದು ಬಂದರೆ ಅವನು ಬಂದ ಅಂತ ನೋಡುವವರ ಕಿವಿಗೆ ಅಭ್ಯಾಸವಾಯಿತು. ಮೂರನೇ ಸಲ ಅವನು ಅವಳ ಬೆನ್ನ ಹಿಂದೆ ಬಂದು ನಿಂತಾಗ ಉಸಿರನ್ನು ತೆಗೆದುಬಿಟ್ಟೆ.