ಗರ್ಭಕಂಠದ ಎಂಆರ್‌ಐ: ಓರೆ ಸೀಳು ಕಲಿಸಿದ ಪಾಠ

ಗರ್ಭಕಂಠದ ಕ್ಯಾನ್ಸರ್ ಖಚಿತವಾಗುವುದು ಬಯಾಪ್ಸಿಯಿಂದ. ಎಂಆರ್‌ಐಯಿಂದ ನಮಗೆ ತಿಳಿಯಬೇಕಾದದ್ದು ಬೇರೆ: ಗಡ್ಡೆ ಎಷ್ಟು ದೊಡ್ಡದಿದೆ, ಗರ್ಭಕಂಠದೊಳಗೇ ಇದೆಯೇ, ಇಲ್ಲವೇ ಅದನ್ನು ದಾಟಿ ಪಕ್ಕದ ಪ್ಯಾರಾಮೆಟ್ರಿಯಂಗೆ, ಅಂದರೆ ಗರ್ಭಕಂಠದ ಸುತ್ತಲಿನ ಅಂಗಾಂಶಕ್ಕೆ, ಹಬ್ಬಿದೆಯೇ. ಒಳಗೇ ಇದ್ದು 4 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಶಸ್ತ್ರಚಿಕಿತ್ಸೆ ಸಾಧ್ಯ. ದಾಟಿದ್ದರೆ ಸಾಮಾನ್ಯವಾಗಿ ವಿಕಿರಣ ಮತ್ತು ಕೀಮೋಥೆರಪಿ. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೊದ 2018ರ ಪದ್ಧತಿಯು ಕ್ಯಾನ್ಸರಿನ ಹಂತ ನಿರ್ಧರಿಸುವಾಗ ಸ್ಕ್ಯಾನನ್ನೂ ಪರಿಗಣಿಸಲು ಒಪ್ಪಿದ ಮೇಲೆ ರೇಡಿಯಾಲಜಿಸ್ಟರಾದ ನಮ್ಮ ವರದಿಯ ಹೊಣೆ ಇನ್ನೂ ಹೆಚ್ಚಿದೆ.

ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ಬೇರೆಡೆ ಮಾಡಿಸಿದ ಸ್ಕ್ಯಾನಿನೊಂದಿಗೆ ಬಂದಿದ್ದರು. ಗಡ್ಡೆ ಬಲಬದಿಯ ಪ್ಯಾರಾಮೆಟ್ರಿಯಂಗೆ ಹಬ್ಬಿದೆಯೆಂದು ವರದಿಯಲ್ಲಿತ್ತು. ಅವರ ಗರ್ಭಕೋಶ ಮುಂದಕ್ಕೆ ಬಾಗಿತ್ತು, ಆದರೆ ಅಡ್ಡ ಸೀಳುಗಳನ್ನು (ಹೋಳು ಹೆಚ್ಚಿದಂತೆ ತೆಗೆಯುವ ಚಿತ್ರಗಳನ್ನು) ಆ ಬಾಗನ್ನು ಗಮನಿಸದೆ ದೇಹಕ್ಕೆ ನೇರವಾಗಿ ತೆಗೆದಿದ್ದರು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ದುಂಡಗೆ ಬರದೆ ಉದ್ದವಾಗುತ್ತದೆ. ಹಾಗೆಯೇ ಗರ್ಭಕಂಠದ ಅಂಚು ಮಸುಕಾಗಿ, ಹರಿದಂತೆ ಕಾಣುತ್ತಿತ್ತು.

ಸ್ಕ್ಯಾನನ್ನು ಮತ್ತೆ ಮಾಡಲು ನಿರ್ಧರಿಸಿದೆ. ಲೋಹವಾದ್ದರಿಂದ ತಾಳಿ ತೆಗೆಯಬೇಕೆಂದಾಗ ಅವರ ಕೈ ಸರದ ಮೇಲೇ ನಿಂತಿತು. "ಅಮ್ಮಾ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಳ್ಳಿ, ಅದಕ್ಕೇನೂ ತೊಂದರೆಯಿಲ್ಲ" ಎಂದು ನಮ್ಮ ನರ್ಸ್ ಹೇಳಿದ ಮೇಲೆಯೇ ಅವರು ಸಮಾಧಾನಗೊಂಡರು. ಅಂಥ ದಾರವನ್ನು ನಾವು ಅಂದಿನಿಂದ ಕೋಣೆಯಲ್ಲೇ ಇಟ್ಟುಕೊಂಡಿದ್ದೇವೆ.

ಕರುಳಿನ ಚಲನೆಯಿಂದ ಚಿತ್ರ ಅಲುಗಾಡದಿರಲೆಂದು ಹಯೊಸಿನ್ ಚುಚ್ಚುಮದ್ದು ಕೊಟ್ಟು, ಮೊದಲು ಪಕ್ಕದಿಂದ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರಗಳನ್ನು ತೆಗೆದು, ಅದರಲ್ಲಿ ಕಂಡ ಗರ್ಭಕಂಠದ ನಾಳಕ್ಕೆ ಲಂಬವಾಗಿ ಗೆರೆ ಎಳೆದು, ಆ ಕೋನದಲ್ಲಿ 3 ಮಿ.ಮೀ. ದಪ್ಪದ ಸೀಳುಗಳನ್ನು ತೆಗೆಸಿದೆ. ಟಿ2 ಚಿತ್ರದಲ್ಲಿ ಗರ್ಭಕಂಠದ ಆರೋಗ್ಯಕರ ಭಿತ್ತಿ ಕಪ್ಪು ಉಂಗುರದಂತೆ, ಗಡ್ಡೆ ಬೂದು ಬಣ್ಣದಲ್ಲಿ ಕಾಣುತ್ತದೆ. ಬಲಬದಿಯಲ್ಲಿ ಉಂಗುರ ತೆಳುವಾಗಿತ್ತು, ಆದರೆ ಎಲ್ಲಿಯೂ ಕಡಿದಿರಲಿಲ್ಲ. ಅಂಗಾಂಶದೊಳಗೆ ನೀರಿನ ಕಣಗಳ ಚಲನೆಯನ್ನು ತೋರುವ ಡಿಫ್ಯೂಷನ್ ಚಿತ್ರದಲ್ಲೂ ಗಡ್ಡೆಯ ಗಡಿ ಅದರೊಳಗೇ ಇತ್ತು. ಅಳತೆ 3 ಸೆಂ.ಮೀ. ಉಂಗುರ ಇಡಿಯಾಗಿದ್ದರೆ ಗಡ್ಡೆ ಪ್ಯಾರಾಮೆಟ್ರಿಯಂಗೆ ಹಬ್ಬಿಲ್ಲವೆಂದು ನಾನು ಸಾಕಷ್ಟು ಧೈರ್ಯದಿಂದ ಬರೆಯುತ್ತೇನೆ. ಕಡಿದಂತೆ ಕಂಡಾಗ ಮಾತ್ರ ನಿಧಾನಿಸುತ್ತೇನೆ, ಏಕೆಂದರೆ ದೊಡ್ಡ ಗಡ್ಡೆಯ ಸುತ್ತಲಿನ ಬಾವು, ಇತ್ತೀಚಿನ ಬಯಾಪ್ಸಿಯ ಊತ ಎರಡೂ ಹಬ್ಬಿದಂತೆ ತೋರಬಲ್ಲವು.

ಆಂಕಾಲಜಿ ತಂಡ ಹೊಸ ಚಿತ್ರಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪಿತು. ಪೆಥಾಲಜಿ ವರದಿಯಲ್ಲಿ ಪ್ಯಾರಾಮೆಟ್ರಿಯಂನಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು. ಈಗ ನಾನು ಆ ಲಂಬದ ಗೆರೆಯನ್ನು ಟೆಕ್ನಿಷಿಯನ್‌ಗೆ ಬಿಡದೆ, ಕನ್ಸೋಲಿನ ಬಳಿ ನಿಂತು ನಾನೇ ಎಳೆಯುತ್ತೇನೆ.